ಅಕ್ಕನ ಕೋಣೆಗೆ ಎಳೆದ ಕೇಬಲ್

ಯಂತ್ರವೊಂದು ಸರಿಯಾಗಿದೆಯೇ ಎಂದು ಪರೀಕ್ಷಿಸಲು ತಾಂತ್ರಿಕ ಜ್ಞಾನ ಬೇಕೆಂಬುದು ಬರೀ ಭ್ರಮೆ; ನಮ್ಮ ಕಡೆ ಅದಕ್ಕೆ ಎರಡು ಗಂಟಲಿದ್ದರೆ ಸಾಕು. ಒಂದು ಗಂಟಲು ಯಂತ್ರದ ಬಳಿ ನಿಂತು ‘ಬಂತಾ?’ ಎಂದು ಕೂಗಬೇಕು, ಇನ್ನೊಂದು ಮನೆಯ ಮತ್ತೊಂದು ತುದಿಯಿಂದ ‘ಇಲ್ಲ’ ಎನ್ನಬೇಕು. ಬೋರಿನ ನೀರಿನಿಂದ ಹಿಡಿದು ಫೋನಿನ ಸಿಗ್ನಲ್ಲಿನವರೆಗೆ ನಾಗರಿಕತೆಯ ಸಕಲ ಸೌಭಾಗ್ಯಗಳೂ ನಮ್ಮ ಮನೆಗಳನ್ನು ಹೊಕ್ಕದ್ದು ಈ ಪ್ರಶ್ನೋತ್ತರ ಮಾಲಿಕೆಯ ಮೂಲಕವೇ ಎಂದರೆ ನೀವೂ ನಿಮ್ಮ ಮನೆಯ ತಾರಸಿಯನ್ನು ನೆನೆದು ನಕ್ಕೀರಿ.

ನಾನು ಈ ವಿದ್ಯೆಯಲ್ಲಿ ಪಳಗಿದ್ದು ಅರಸೀಕೆರೆಯಲ್ಲಿ, ಗಿರಿಜಕ್ಕನ ಮನೆಯ ತಾರಸಿಯ ಮೇಲೆ. ಕಣಕಟ್ಟೆಯಿಂದ ಪಿಯುಸಿ ಓದಲು ಬಂದು ಅಕ್ಕನ ಮನೆಯಲ್ಲಿ ಉಳಿದಿದ್ದ ನನಗೆ ಅನ್ನಕ್ಕೆ ಪ್ರತಿಯಾಗಿ ವಹಿಸಿದ್ದ ಏಕೈಕ ಕೆಲಸವೆಂದರೆ ಆಂಟೆನಾ ತಿರುಗಿಸುವುದು. ಅಕ್ಕ ಸುಲಭಕ್ಕೆ ಒಪ್ಪುವ ಪರೀಕ್ಷಕಿಯಲ್ಲ. ‘ಮುಖ ಬಂತು ಕಣೋ, ಮೂಗು ಬರ್ಲಿಲ್ಲ,’ ‘ಒಬ್ಬಳು ಇಬ್ಬರಾಗವ್ಳೆ, ಇನ್ನೊಂಚೂರು ತಿರುಗ್ಸು’ ಎಂದು ಬಿಸಿಲಲ್ಲಿ ನನ್ನನ್ನು ಬೇಯಿಸುತ್ತಿದ್ದಳು. ಸಿನಿಮಾ ಎಂದರೆ ಅವಳಿಗೆ ಪ್ರಾಣ. ಕೊಬ್ಬರಿ ಮಂಡಿ ನಡೆಸುತ್ತಿದ್ದ ರುದ್ರಪ್ಪ ಭಾವನಿಗೆ ಮಂಡಿಯೇ ಪ್ರಾಣ. ಮದುವೆಯಾಗಿ ನಲವತ್ತು ವರ್ಷ ಕಳೆದರೂ ಭಾವ ಅವಳನ್ನು ಟಾಕೀಸಿಗೆ ಕರೆದುಕೊಂಡು ಹೋದದ್ದು ಮೂರು ಸಲ. ಆ ಮೂರರಲ್ಲಿ ಎರಡು ಸಲ ಮಧ್ಯಂತರದಲ್ಲೇ ಎಬ್ಬಿಸಿಕೊಂಡು ಬಂದಿದ್ದರು.

ಪಶ್ಚಾತ್ತಾಪಕ್ಕೂ ಒಂದು ವಯಸ್ಸಿರುತ್ತದೆ. ಮಂಡಿಯನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿ ಕೂತ ಮೇಲೆ ಭಾವ ಮಹಡಿಯ ಮೇಲಿನ ಕೊಬ್ಬರಿ ಕೋಣೆಯನ್ನು ಖಾಲಿ ಮಾಡಿಸಿ, ಗೋಡೆಯಗಲದ ಪರದೆ, ಪ್ರೊಜೆಕ್ಟರು, ನಾಲ್ಕು ಮೂಲೆಗೆ ಸ್ಪೀಕರು ಹಾಕಿಸಿ ಹೋಮ್ ಥಿಯೇಟರ್ ಮಾಡಿಬಿಟ್ಟರು. ಪ್ರತಿ ಭಾನುವಾರ ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ಚಕ್ಕುಲಿ, ಕೋಡುಬಳೆಯ ಡಬ್ಬಿಗಳ ಸಮೇತ ಅಲ್ಲಿ ಸೇರುತ್ತಿದ್ದರು. ಕತೆ ಮೊದಲೇ ಗೊತ್ತಿದ್ದ ಅಕ್ಕ ‘ಈಗ ನೋಡ್ರೇ, ಈಗ ಅಳ್ತೀರ’ ಎಂದು ಮುನ್ಸೂಚನೆ ಕೊಡುತ್ತಿದ್ದಳು. ಅಳುವಿನಲ್ಲಿಯೂ ಅಂಥ ಸಂಭ್ರಮ ನಾನು ಬೇರೆಲ್ಲೂ ಕಂಡಿಲ್ಲ.

ಒಂದು ವರ್ಷವೂ ಈ ವೈಭವ ನಡೆಯಲಿಲ್ಲ. ತಲೆನೋವೆಂದು ಹಾಸನಕ್ಕೆ ಹೋದವಳ ಮೆದುಳಿನಲ್ಲಿ ಗಡ್ಡೆಯಿದೆ ಎಂದರು. ಬೆಂಗಳೂರಿನಲ್ಲಿ ನೋಡಿದವರು, ಇನ್ನು ಮನೆಯಲ್ಲೇ ನೆಮ್ಮದಿಯಾಗಿಟ್ಟುಕೊಳ್ಳಿ ಎಂದು ಕಳಿಸಿದರು. ಮೆಟ್ಟಿಲು ಹತ್ತಲಾರದ ಅಕ್ಕ ಕೆಳಗಿನ ಕೋಣೆಯ ಮಂಚ ಹಿಡಿದಳು. ಹೆಚ್ಚು ಜನ ಹತ್ತಿರ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಬೀದಿಯವರು ಬಾಗಿಲಲ್ಲೇ ವಿಚಾರಿಸಿ ಪಿಸುಮಾತಿನಲ್ಲಿ ಹಿಂದಿರುಗತೊಡಗಿದರು. ಅಕ್ಕನನ್ನು ರೋಗಕ್ಕಿಂತ ಆ ಪಿಸುಮಾತೇ ಹೆಚ್ಚು ನೋಯಿಸಿತು.

‘ನಾನಿನ್ನೂ ಇದ್ದೀನಿ, ಮನೆ ಆಗ್ಲೇ ಸುಮ್ಮಗಾಗೋಯ್ತು. ಭಾನುವಾರ ಎಲ್ರನ್ನೂ ಕರೀರಿ. ಅವ್ರು ಮೇಲ್ಗಡೆ ನೋಡ್ಲಿ, ಅದೇ ಸಿನಿಮಾ ನಂಗಿಲ್ಲಿ ಕಾಣೋ ಹಂಗೆ ಮಾಡ್ಸಿ. ಅವ್ರು ನಗೋದು ಕೇಳಿಸ್ಬೇಕು ನಂಗೆ,’ ಎಂದಳು ಭಾವನಿಗೆ.

ಭಾವ ನನಗೆ ಫೋನು ಮಾಡಿದರು. ಬೇಲೂರಿನ ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೆ ಸಂಧಿ ಸಮಾಸ ಬಿಡಿಸಲು ಬರುವುದರಿಂದ ತಂತಿಗಳನ್ನೂ ಬಿಡಿಸಲು ಬರುತ್ತದೆಂಬುದು ಅವರ ವಿಶ್ವಾಸ. ಬೇಲೂರಿನ ಅಂಗಡಿಯವನು ನನ್ನ ಸಮಸ್ಯೆ ಕೇಳಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ ಕೊಟ್ಟ. ಅದರ ಹೆಸರು ಸ್ಪ್ಲಿಟರ್. ಒಂದು ಕಡೆಯಿಂದ ಬಂದ ಚಿತ್ರವನ್ನು ಎರಡು ಕಡೆಗೆ, ಒಂದಿಷ್ಟೂ ಅರ್ಧವಾಗಿಸದೆ, ಇಡಿಯಾಗಿ ಹಂಚುವುದು ಅದರ ಧರ್ಮ. ಹಳೇಬೀಡು ದಾಟಿ ಅರಸೀಕೆರೆ ಮುಟ್ಟುವವರೆಗೂ ಬಸ್ಸಿನಲ್ಲಿ ಕೂತು ಅದಕ್ಕೊಂದು ಕನ್ನಡ ಹೆಸರು ಹುಡುಕಿದೆ. ‘ವಿಭಾಜಕ’ ಎಂದರೆ ಅನ್ಯಾಯ, ಅದು ಏನನ್ನೂ ಒಡೆಯುವುದಿಲ್ಲ. ‘ದ್ವಿಗುಣಕ’ ಎಂದರೆ ಗಣಿತದ ವಾಸನೆ. ಇಳಿದ ಮೇಲೆ ಭಾವನ ಮುಂದೆ ಈ ಸಂಶೋಧನೆ ಮಂಡಿಸಿದಾಗ ಅವರು, ‘ಮೇಷ್ಟ್ರೇ, ಡಬ್ಬ ಅನ್ನಿ, ಸಾಕು. ಮೊದ್ಲು ಕೆಲಸ ಮಾಡುತ್ತಾ ನೋಡಿ,’ ಎಂದರು.

ಅದು ಕೆಲಸ ಮಾಡಲಿಲ್ಲ. ಮೇಲಿಂದ ಮೆಟ್ಟಿಲ ಬದಿಯಲ್ಲಿ ಕೆಳಗಿನ ಕೋಣೆಯ ಹಳೇ ಟಿವಿಯವರೆಗೆ ಉದ್ದದ ಕೇಬಲ್ ಎಳೆದೆವು. ಮೇಲಿನ ಪರದೆಯಲ್ಲಿ ಬಂದರೆ ಕೆಳಗಿಲ್ಲ, ಕೆಳಗೆ ಬಂದರೆ ಮೇಲಿಲ್ಲ. ಡಬ್ಬದ ಜೊತೆ ಕೊಟ್ಟಿದ್ದ ಕರೆಂಟಿನ ಅಡಾಪ್ಟರನ್ನು ನಾನು ಚೀಲದಲ್ಲೇ ಬಿಟ್ಟಿದ್ದೇನೆಂಬುದು ಗೊತ್ತಾಗಲು ಒಂದು ಗಂಟೆ ಹಿಡಿಯಿತು. ಅದನ್ನೂ ಸಿಕ್ಕಿಸಿದ ಮೇಲೆ ಎರಡೂ ಕಡೆ ಚಿತ್ರ ಮಿಂಚಿತು. ಆದರೆ ಮೇಲಿನ ದೊಡ್ಡ ಪರದೆಯ ಚಿತ್ರ ಮೊದಲಿನಷ್ಟು ನಿಚ್ಚಳವಾಗಿರಲಿಲ್ಲ. ಅಂಗಡಿಯವನಿಗೆ ಫೋನು ಮಾಡಿದೆ. ‘ಕೆಳಗಿರೋದು ಹಳೇ ಟಿವಿ ಅಲ್ವಾ ಸಾರ್, ಅದು ಎಷ್ಟು ತಗೊಳುತ್ತೋ ಡಬ್ಬ ಎರಡಕ್ಕೂ ಅಷ್ಟೇ ಕೊಡುತ್ತೆ,’ ಎಂದ. ಭಾವನಿಗೆ ಹೇಳಿದರೆ, ‘ಇರ್ಲಿ ಬಿಡಿ. ಅವ್ಳಿಗೆ ಕಾಣ್ಸಿದ್ರೆ ಸಾಕು,’ ಎಂದರು.

ಕೇಬಲನ್ನು ಗೋಡೆಗೆ ಸೇರಿಸಿ ಕ್ಲಿಪ್ಪು ಹೊಡೆದ ಮೇಲೆ ಇನ್ನೊಮ್ಮೆ ನೋಡಿಬಿಡೋಣವೆಂದು, ಹಿಂದಿನ ವರ್ಷ ಹಳೇಬೀಡಿಗೆ ಹೋದಾಗ ನಾನೇ ತೆಗೆದಿದ್ದ ವಿಡಿಯೊ ಹಾಕಿದೆವು. ಅರ್ಧ ಭಾಗ ನನ್ನ ಹೆಬ್ಬೆರಳೇ ಕಾಣುವ ಆ ಕಲಾಕೃತಿಯಲ್ಲಿ ಅಕ್ಕ ಹಸಿರು ಸೀರೆಯುಟ್ಟು ದೇವಸ್ಥಾನದ ಜಗಲಿಯ ಮೇಲೆ ನಡೆಯುತ್ತಾ, ಬಿಸಿಲಿಗೆ ಕಾಲು ಸುಡುತ್ತದೆಂದು ನನ್ನನ್ನು ಬೈಯುತ್ತಾಳೆ. ಭಾವ ಮೇಲೆ ನಿಂತರು. ನಾನು ಮೆಟ್ಟಿಲ ನಡುವಿನಿಂದ ಕೂಗಿದೆ:

‘ಅಕ್ಕಾ, ಬಂತಾ?’

‘ಬಂತು ಕಣೋ. ಚೆನ್ನಾಗ್ ಬಂತು.’

‘ಏನ್ ಕಾಣ್ತೈತೆ?’

‘ನಾನೇ. ಹಳೇಬೀಡಲ್ಲಿ ನಡೀತಾ ಇದ್ದೀನಲ್ಲ, ಹಸ್ರು ಸೀರೇಲಿ.’

ಮೂಗು ಬರುವವರೆಗೆ ಬಿಡದವಳು ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ ಎಂದು ಆಶ್ಚರ್ಯಪಡುತ್ತಾ ಕೆಳಗಿಳಿದು ಕೋಣೆಯೊಳಗೆ ಕಾಲಿಟ್ಟೆ. ಟಿವಿಯಲ್ಲಿ ಅಕ್ಕನೂ ಇರಲಿಲ್ಲ, ಹಳೇಬೀಡೂ ಇರಲಿಲ್ಲ. ಬರೀ ನೀಲಿ ಪರದೆ. ಅದರ ಮೂಲೆಯಲ್ಲಿ ಸಿಗ್ನಲ್ ಇಲ್ಲವೆಂಬ ಸಣ್ಣ ಬರಹ. ಅಕ್ಕ ತಲೆದಿಂಬಿಗೊರಗಿ ಆ ನೀಲಿಯನ್ನು ನೋಡುತ್ತಾ ಮುಗುಳ್ನಗುತ್ತಿದ್ದಳು. ಮೇಲಿನ ಸ್ಪೀಕರಿನಿಂದ ಅವಳದೇ ಬೈಗುಳ ಮೆಟ್ಟಿಲಿಳಿದು ಬರುತ್ತಿತ್ತು.

ಟಿವಿಯ ಹಿಂದೆ ಕೈಯಾಡಿಸಿದೆ. ಕ್ಲಿಪ್ಪು ಹೊಡೆಯುವಾಗ ಕೇಬಲ್ ಸಡಿಲವಾಗಿತ್ತು. ಒತ್ತಿದೆ. ಹಸಿರು ಸೀರೆಯ ಅಕ್ಕ ಪರದೆಯ ತುಂಬ ಬಂದು ನಿಂತಳು. ಮಂಚದ ಮೇಲಿನ ಅಕ್ಕನ ಕಣ್ಣಿನಲ್ಲಿ ಏನೂ ಬದಲಾಗಲಿಲ್ಲ.

ನಾನು ಅವಳ ಪಕ್ಕದಲ್ಲಿ ಕೂತೆ. ಟಿವಿಯ ಹಿಂದೆ ಕೈಯಾಡಿಸಿದ ಸದ್ದಿನಿಂದಲೇ ಅವಳಿಗೆ ತಿಳಿದುಹೋಗಿತ್ತು.

‘ಬರ್ಲಿಲ್ವೇನೋ?’

‘ಇಲ್ಲ ಅಕ್ಕ. ಈಗ ಬಂತು.’

‘ಬೆಳಕು ಗೊತ್ತಾಗುತ್ತೆ ಕಣೋ. ನಾಕೈದು ದಿನದಿಂದ ಬೊಂಬೆ ಕಾಣಲ್ಲ,’ ಎಂದು ನನ್ನ ಕೈ ಹುಡುಕಿ ಹಿಡಿದುಕೊಂಡಳು. ‘ನಿಮ್ ಭಾವಂಗೆ ಹೇಳ್ಬೇಡ. ಪಾಪ, ಎಷ್ಟು ಆಸೆ ಪಟ್ಟು ಮಾಡವ್ರೆ.’

ಅಷ್ಟರಲ್ಲಿ ಮೇಲಿಂದ ಭಾವನ ಕೂಗು ಕೇಳಿಸಿತು: ‘ಏನ್ ಮೇಷ್ಟ್ರೇ, ಬಂತಾ?’

‘ಬಂತು ಭಾವ,’ ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಭಾಷೆ ಕಲಿಸಿದವನು ಆಡಿದ ಅತ್ಯಂತ ಚಿಕ್ಕ ಸುಳ್ಳು ಅದು.

ಭಾನುವಾರ ಬೀದಿಯ ಹೆಂಗಸರು ಬಂದರು. ಮೊದಮೊದಲು ಬೆಕ್ಕಿನ ಹೆಜ್ಜೆಯಿಟ್ಟು ಮಹಡಿ ಹತ್ತಿದವರನ್ನು ಅಕ್ಕ ಮಂಚದಿಂದಲೇ ಗದರಿದಳು: ‘ಇದೇನ್ರೇ, ಹೆಣ ನೋಡೋಕ್ ಬಂದೋರ್ ಥರ ಹೋಗ್ತೀರಿ? ಜೋರಾಗಿ ನಗಬೇಕು ಇವತ್ತು.’ ತನ್ನ ಪಕ್ಕ ಕೂರಲು ಬಂದ ಭಾವನನ್ನೂ ಬಿಡಲಿಲ್ಲ. ‘ಮನೆಗ್ ಬಂದೋರನ್ನ ಯಾರು ನೋಡ್ಕೊಳೋದು? ನೀವು ಮೇಲೋಗಿ. ನಂಜೊತೆ ಇವನಿರ್ತಾನೆ.’

ಹೀಗೆ ನಾನು ಅಕ್ಕನ ಕಣ್ಣಾದೆ. ಪರದೆಯ ಮೇಲಿನದನ್ನು ಪಿಸುದನಿಯಲ್ಲಿ ಬಣ್ಣಿಸುವ ಹೊಣೆ ನನ್ನದು. ಇದಕ್ಕಿಂತ ನನಗೊಗ್ಗುವ ಕೆಲಸ ಇನ್ನಾವುದೆಂದುಕೊಂಡು, ‘ಮುಂಜಾವದ ಮಂಜಿನಲ್ಲಿ ಮಸುಕಾಗಿ ಮೂಡುತ್ತಿರುವ ಮನೆಯಂಗಳದಲ್ಲಿ ಮ್ಲಾನವದನೆಯಾಗಿ ನಿಂತ ನಾಯಿಕೆ...’ ಎಂದು ಶುರು ಮಾಡಿದೆ. ಅಕ್ಕ ನನ್ನ ತೊಡೆಗೆ ಮೆಲ್ಲಗೆ ಹೊಡೆದಳು.

‘ನಿನ್ ವಾಕ್ಯ ಮುಗ್ಯೋ ಹೊತ್ಗೆ ಅವ್ಳ ಮದುವೆನೇ ಆಗೋಯ್ತು ಕಣೋ. ವಾಲಗ ಕೇಳಿಸ್ತೈತೆ. ಚಿಕ್ಕದಾಗಿ ಹೇಳು.’

ಚಿಕ್ಕದಾಗಿ ಹೇಳಿದೆ. ಅತ್ತೆ ಬಂದಳು. ನಿಂತಳು. ಸೊಸೆ ನೋಡಲಿಲ್ಲ. ಅತ್ತೆ ಹೊರಟುಹೋದಳು. ನನ್ನ ಬಾಯಿಂದ ವಿಶೇಷಣಗಳು ಒಂದೊಂದಾಗಿ ಉದುರಿಹೋದವು. ಒಂದು ದೃಶ್ಯಕ್ಕೆ ಮೇಲಿನವರೆಲ್ಲ ಮನೆ ನಡುಗುವಂತೆ ನಕ್ಕರು. ಅಕ್ಕನೂ ನಕ್ಕಳು, ನಗುತ್ತಲೇ ಕೆಮ್ಮಿದಳು, ಕೆಮ್ಮುತ್ತಲೇ ‘ಶಾಂತಮ್ಮನ ನಗು ನೋಡು, ಕೊಡ ಉರುಳ್ಸಿದಂಗೆ,’ ಎಂದಳು. ಕೊನೆಯ ದೃಶ್ಯಕ್ಕೆ ಮೊದಲೇ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ನಾನು ಮಾತ್ರ ನಿಲ್ಲಿಸದೆ ಕೊನೆಯವರೆಗೂ ಹೇಳಿದೆ.

ಆಮೇಲೆ ಅವಳಿದ್ದದ್ದು ಹನ್ನೆರಡು ದಿನ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಮಧ್ಯಾಹ್ನ, ಭಾವ ಅಕ್ಕನ ಕೋಣೆಯಲ್ಲಿ ಕೂತು ನನ್ನನ್ನು ಕರೆದರು. ‘ಮೇಷ್ಟ್ರೇ, ಆ ಭಾನುವಾರ ನಾನು ಮೇಲಿದ್ದೆ. ಸಿನಿಮಾ ನೋಡಿ ಏನಂದ್ಲು ಅವ್ಳು? ಚೆನ್ನಾಗೈತೆ ಅಂದ್ಲಾ?’

ಒಂದು ಮಾತು ಕಟ್ಟಿ ಹೇಳುವುದು ನನಗೆ ಕಷ್ಟವಾಗಿರಲಿಲ್ಲ. ಅಕ್ಕನಿಗೆ ಕೊಟ್ಟ ಮಾತೂ ಇತ್ತು. ಆದರೆ ಆ ಮುಖದ ಮುಂದೆ ಎರಡನೆಯ ಸಲ ಸುಳ್ಳಾಡಲು ಆಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ನೀಲಿ ಪರದೆಯನ್ನೂ, ಅವಳು ಬೇಡವೆಂದದ್ದನ್ನೂ, ನಾನು ಕೂತು ಕತೆ ಹೇಳಿದ್ದನ್ನೂ.

ಮೋಸ ಮಾಡಿದಿರಿ ಎಂದು ಬೈಯುತ್ತಾರೇನೋ ಎಂದು ಕಾದೆ. ಬೈಯಲಿಲ್ಲ.

‘ನಾನೇ ಹೇಳ್ತಿದ್ನಲ್ಲ ಮೇಷ್ಟ್ರೇ,’ ಎಂದರು. ‘ಗೊತ್ತಿದ್ದಿದ್ರೆ ನಾನೇ ಪಕ್ಕದಲ್ಲಿ ಕೂತು ಹೇಳ್ತಿದ್ನಲ್ಲ. ನಂಗ್ ಹೇಳೋಕ್ ಬರಲ್ಲ ಅಂದ್ಕಂಡ್ಲಾ?’

ಅವರ ನೋವನ್ನು ತಪ್ಪಿಸುತ್ತಿದ್ದೇವೆಂದು ಅಕ್ಕನೂ ನಾನೂ ತಿಳಿದಿದ್ದೆವು. ಅದರ ಜೊತೆಗೆ ಅವರಿಗೆ ಸೇರಬೇಕಾಗಿದ್ದ ಮೂರು ಗಂಟೆಗಳನ್ನೂ ತಪ್ಪಿಸಿದ್ದೆವು. ಪ್ರೀತಿಯವರ ಮುಂದೆ ಮುಚ್ಚಿಟ್ಟ ದುಃಖ ಕಡಿಮೆಯಾಗುವುದಿಲ್ಲ, ತಡವಾಗಿ ತಲುಪುತ್ತದೆ ಅಷ್ಟೆ. ತಲುಪಿದಾಗ ಹಂಚಿಕೊಳ್ಳಬೇಕಾದವರು ಇರುವುದಿಲ್ಲ.

ಭಾವ ಎದ್ದು ಅದೇ ಸಿನಿಮಾ ಹಾಕಲು ಹೇಳಿದರು. ಹಾಕಿದೆ. ಅವರು ಮಂಚದ ಮೇಲೆ ಅಕ್ಕನ ಜಾಗದಲ್ಲಿ ಗೋಡೆಗೊರಗಿ ಕೂತು, ಹೆಗಲ ಮೇಲಿನ ವಲ್ಲಿಯನ್ನು ಕಣ್ಣಿನ ಮೇಲೆ ಎಳೆದುಕೊಂಡರು.

‘ಅವ್ಳಿಗೆ ಹೆಂಗ್ ಹೇಳಿದ್ರೋ ಹಂಗೇ ಹೇಳಿ,’ ಎಂದರು.

‘ಒಂದು ಮನೆ,’ ಎಂದು ಆರಂಭಿಸಿದೆ. ‘ಬೆಳಗಾಗಿದೆ. ಬಾಗಿಲು ತೆಗೆದಿದೆ. ಅಂಗಳದಲ್ಲಿ ಒಬ್ಬಳು ನಿಂತಿದ್ದಾಳೆ.’

‘ಹ್ಞೂಂ,’ ಎಂದರು ಭಾವ. ‘ಆಮೇಲೆ?’