ಒಬ್ಬರಿಗೆ ಒಂದು ಸರದಿ

ತೊಂಬತ್ತರ ದಶಕದ ಆರಂಭ. ನಾನು ಮುಂಬಯಿಯಲ್ಲಿ, ಅಂಧೇರಿಯ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬೈಕುಲ್ಲಾ ಶಾಖೆಯ ಮೂರು ಟರ್ಮಿನಲ್‌ಗಳೂ ಒಂದೇ ಟೆಲಿಫೋನ್ ಲೈನಿನಲ್ಲಿ ನಮ್ಮ ದೊಡ್ಡ ಕಂಪ್ಯೂಟರಿಗೆ ಸೇರಬೇಕಿತ್ತು. ಲೈನಿಗಾಗಿ ದಿನಾ ಜಗಳ. ಕಡೆಗೆ ನಾನೇ ಒಂದು ಪ್ರೋಗ್ರಾಮ್ ಬರೆದೆ: ಒಬ್ಬರಿಗೆ ಒಂದು ಸರದಿ, ಆಮೇಲೆ ಪಕ್ಕದವರಿಗೆ. ಧರ್ಮರಾಯನಿಗೇ ಪಾಠ ಹೇಳುವವನಂತೆ ಬೀಗಿದೆ.

ತಿಂಗಳೊಳಗೆ ಬೈಕುಲ್ಲಾದ ಕೌಂಟರಿನಲ್ಲಿ ಕೂರುತ್ತಿದ್ದ ಧಾರವಾಡದ ಅಕ್ಕನಿಗೆ ಮೆಮೊ ಬಂತು. ಮಾಲು ಬಂತೇ ಎಂದು ಕೇಳುವ ಗಿರಾಕಿಗೆ ಉತ್ತರ ಹೇಳಲು ಬಹಳ ಹೊತ್ತು ಮಾಡುತ್ತಾರೆ, ಸುಧಾರಿಸದಿದ್ದರೆ ಕೆಲಸದಿಂದ ಬಿಡಿಸಲಾಗುವುದು ಎಂದಿತ್ತು.

"ವಯಸ್ಸಾತೇನೋ ತಮ್ಮಾ, ಕೈ ಓಡವಲ್ದು," ಎಂದು ಫೋನಿನಲ್ಲಿ ಅತ್ತರು.

ನನಗೆ ತಲೆಬುಡ ತಿಳಿಯಲಿಲ್ಲ. ಲೆಕ್ಕ ಹಾಕಿದರೆ ಮೂವರಿಗೂ ಸರಿಸಮ ಸರದಿ ಸಿಕ್ಕಿತ್ತು. ಹಾಗಾದರೆ ತಪ್ಪು ಅವರದೇ ಇರಬೇಕು ಅಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅನುಮಾನ ಹೋಗದೆ ಒಂದು ದಿನ ಬೈಕುಲ್ಲಾಕ್ಕೆ ಹೋಗಿ ಅವರ ಪಕ್ಕದಲ್ಲಿ ಕೂತೆ. ಬೆರಳುಗಳು ಚಕಚಕ ಓಡುತ್ತಿದ್ದವು. ಒಂದು ಸಾಲು ಪ್ರಶ್ನೆ ಕಳಿಸಿದರು, ಪರದೆ ಅಲ್ಲಾಡಲಿಲ್ಲ. ಆಚೆ ಬದಿಯ ಟರ್ಮಿನಲ್‌ನವನು ಮಾತ್ರ ತನ್ನ ಒಂದೇ ಸರದಿಯಲ್ಲಿ ದಾಸ್ತಾನಿನ ಪಟ್ಟಿಯನ್ನು ಪುಟಗಟ್ಟಲೆ ಕಳಿಸುತ್ತಲೇ ಇದ್ದ. ನಾನು ಸರದಿಗಳನ್ನು ಎಣಿಸಿದ್ದೆ, ಅವುಗಳ ಉದ್ದ ಅಳೆದಿರಲಿಲ್ಲ.

ಅಂಧೇರಿಗೆ ಮರಳಿದವನೇ ಪ್ರೋಗ್ರಾಮ್ ಬದಲಿಸಿದೆ. ಉದ್ದದ ಪಟ್ಟಿಗಳು ತುಂಡು ತುಂಡಾಗಿ ಹೋಗಲಿ, ಕೌಂಟರಿನ ಪ್ರಶ್ನೆ ಎಲ್ಲಕ್ಕಿಂತ ಮೊದಲು ಹೋಗಲಿ ಎಂದು. ಪಟ್ಟಿಯವನು ಫೋನ್ ಮಾಡಿ, "ಅವರಿಗೊಂದು ನ್ಯಾಯ, ನಮಗೊಂದು ನ್ಯಾಯಾನಾ?" ಎಂದು ರೇಗಿದ. ಎಲ್ಲರಿಗೂ ಸಮ ಮಾಡಿದಾಗ ಅನ್ಯಾಯವಾಗಿತ್ತು, ಭೇದ ಮಾಡಿದ ಮೇಲೆ ಸರಿಹೋಗಿತ್ತು. ಇದು ನನಗೇ ಪೂರ್ತಿ ಅರ್ಥವಾಗಿರಲಿಲ್ಲ.

ಕೌಂಟರಿನಲ್ಲಿ ಉತ್ತರಗಳು ಥಟ್ಟನೆ ಬರತೊಡಗಿದವು. "ದೇಖಾ, ಮೆಮೊ ಕಾ ಕಮಾಲ್!" ಎಂದು, ಎಲ್ಲ ಮೆಮೊದ ಮಹಿಮೆಯೆಂಬಂತೆ, ಮ್ಯಾನೇಜರು ನನ್ನ ಬೆನ್ನು ತಟ್ಟಿದರು. ತಪ್ಪು ನನ್ನದು ಎನ್ನಲು ಬಾಯಿ ತೆರೆದೆ. ಆ ವಾರವೇ ನನ್ನ ನೌಕರಿ ಕಾಯಂ ಆಗುವುದಿತ್ತು. ಬಾಯಿ ಮುಚ್ಚಿಕೊಂಡೆ.

ಮುಂದಿನ ವಾರ ಅಕ್ಕ ಏನೋ ಕಾಗದ ಕೊಡಲು ಅಂಧೇರಿಗೆ ಬಂದರು. ಮುಖದಲ್ಲಿ ಗೆಲುವಿತ್ತು.

"ಖರೇ ಹೇಳ್ತೀನಿ ತಮ್ಮಾ, ತಪ್ಪು ನಂದ ಇತ್ತು. ಮೆಮೊ ಬಂದಿದ್ದ ಚೊಲೋ ಆತು ನೋಡು."

ಅಲ್ಲ ಅನ್ನಬೇಕಿತ್ತು. ಯಾಕೋ ಏನೋ, "ಟೀ ತರಿಸಲಾ ಅಕ್ಕಾ?" ಎಂದೆ.