ರೂಟರಿನಲ್ಲಿ ಇನ್ನೊಬ್ಬರಿಗೆ ಜಾಗ

ಕಳೆದ ಬೇಸಿಗೆಯ ಒಂದು ಭಾನುವಾರ, ದೀಪ ಹಚ್ಚುವ ಹೊತ್ತಿನಲ್ಲಿ, ನಾನು ಜಗಳೂರಿನ ಬಸವರಾಜಪ್ಪನವರ ನಡುಮನೆಯಲ್ಲಿ, ರೂಟರ್ ಇಟ್ಟಿದ್ದ ಗೂಡಿನಿಂದ ಒಂದು ಮಾರು ದೂರ ನಿಂತಿದ್ದೆ. ಕೈಯಲ್ಲಿ ಚಹಾದ ಲೋಟವಿತ್ತು. ಯಂತ್ರ ಕೆಟ್ಟ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಯಾರು ಮುಟ್ಟಿದ್ದು ಎಂಬುದು. ಅದಕ್ಕೇ ಇಷ್ಟು ವಿವರ.

ಬಸವರಾಜಪ್ಪ ನಿವೃತ್ತ ಬಸ್ ಕಂಡಕ್ಟರು. ನಿವೃತ್ತರು ಕೆಲವರು ಗುಲಾಬಿ ಬೆಳೆಸುತ್ತಾರೆ. ಇವರು ರೂಟರ್ ಸಾಕುತ್ತಾರೆ. ಅದನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಫರ್ಮ್‌ವೇರ್, ಬಹಳ ಹಳೆಯದು. ಅದರ ಇಂಟರ್ನೆಟ್ಟನ್ನು ಮಹಡಿಯ ರಹಮತ್ ಸಾಹೇಬರೂ ಬಳಸುತ್ತಾರೆ. ಅವರು ಕ್ರಿಕೆಟ್ ಹಚ್ಚಿದರೆ ಕೆಳಗಿನವರ ವಿಡಿಯೊ ಕರೆ ಚೂರುಚೂರಾಗುತ್ತದೆ.

ಆ ಸಂಜೆ ಹಾಗಾಗಲು ಬಿಡುವಂತಿರಲಿಲ್ಲ. ಬಸವರಾಜಪ್ಪನವರ ಹೆಂಡತಿ ಶಾಂತಮ್ಮನ ಅಕ್ಕ ಗೌರಮ್ಮ ನಲ್ಲೂರಿನಲ್ಲಿದ್ದಾರೆ. ಹುಟ್ಟಿನಿಂದ ಕಿವಿ ಕೇಳದು. ಅಕ್ಕತಂಗಿಯರ ಮಾತೆಲ್ಲ ಕೈಯಲ್ಲೇ. ಮರುದಿನ ಗೌರಮ್ಮನ ಕಣ್ಣಿನ ಆಪರೇಷನ್. ಇನ್ನೊಂದು ಕಣ್ಣು ಮೊದಲೇ ಮಂದ. ಪಟ್ಟಿ ಬಿಚ್ಚುವವರೆಗೆ ಅವರೊಂದಿಗೆ ಮಾತಿಲ್ಲ. ಹೆದರಿದ ಅಕ್ಕನಿಗೆ ಧೈರ್ಯ ಹೇಳುವುದಿದ್ದರೆ ಆಗಲೇ ಹೇಳಬೇಕು. ಆ ಬೀದಿಯ ಮೊಬೈಲ್ ಸಿಗ್ನಲ್ ಧ್ವನಿಗೆ ಸಾಲುತ್ತದೆ, ಚಿತ್ರಕ್ಕೆ ಸಾಲದು.

ವಿಡಿಯೊಗೆ ಮೊದಲು ದಾರಿ ಬಿಡಿಸುವ ಹೊಸ ತಂತ್ರಾಂಶದ ಪ್ಯಾಕೇಜೊಂದನ್ನು ಬಸವರಾಜಪ್ಪ ಹುಡುಕಿ ತಂದರು. ಹಾಕಹೊರಟಾಗ ರೂಟರ್ ಸಭ್ಯವಾಗಿಯೇ ಬೇಡವೆಂದಿತು: ಇದು ಹೊಸ ಫರ್ಮ್‌ವೇರಿಗೆ ಮಾಡಿದ್ದು, ಜೊತೆಗೆ ಜಾಗವೂ ಇಲ್ಲ.

ಲ್ಯಾಪ್‌ಟಾಪಿನ ಪರದೆಯನ್ನು ನಾನು ಓದಿ ಹೇಳಿದೆ.

"ಜಗಳೂರು ಬಸ್ಸಿನಾಗೆ ಯಾವತ್ತು ಜಾಗ ಇತ್ರೀ? ಒಳಗೆ ಸರೀರಿ ಅಂದ್ರೆ ಸರೀತಾರೆ," ಎಂದರು ಬಸವರಾಜಪ್ಪ. ಎಚ್ಚರಿಕೆಯನ್ನು ಮೀರಿ ನುಗ್ಗಿಸುವ ಪದವೊಂದನ್ನು ಆಜ್ಞೆಗೆ ಸೇರಿಸಿ, "ರೈಟ್" ಅಂದರು.

ದೀಪಗಳು ಆರಿದವು. ಹತ್ತಿದವು. ಮತ್ತೆ ಆರಿದವು. ಯಂತ್ರ ಏಳುವುದು, ಬೀಳುವುದು ಬಿಟ್ಟು ಬೇರೇನೂ ಮಾಡಲಿಲ್ಲ.

"ನಿಮ್ಮ ಕೈಗೆ ಸ್ಟೇರಿಂಗ್ ಯಾಕೆ ಕೊಡ್ಲಿಲ್ಲ ಅಂತ ಈಗ ಗೊತ್ತಾತು," ಎಂದ ಶಾಂತಮ್ಮ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಕೈಯಲ್ಲಿ ಮಾತಾಡುವವರ ಕೈ ಸುಮ್ಮನಾದದ್ದನ್ನು ನಾನು ಮೊದಲ ಸಲ ಕಂಡೆ.

ಮಾವಿಗೆ ಕಸಿ ಕಟ್ಟುವವರು ಬಲ್ಲರು: ಟೊಂಗೆ ಎಷ್ಟೇ ಒಳ್ಳೆಯ ಜಾತಿಯದಾದರೂ ಬುಡ ಒಪ್ಪಬೇಕು. ಈ ತತ್ವ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಅಲ್ಲಿ ಹೊಳೆದದ್ದು ಚಹಾ ಆರಿದೆ ಎಂಬುದಷ್ಟೇ.

ಬಸವರಾಜಪ್ಪ ಸೋಲಲಿಲ್ಲ. ರೂಟರಿನ ಗುಂಡಿ ಒತ್ತಿ ಹಿಡಿದು, ಅದನ್ನು ಅರೆನಿದ್ದೆಯಲ್ಲೇ ಎಬ್ಬಿಸಿ, ನುಗ್ಗಿಸಿದ್ದನ್ನು ಹೊರಗೆ ಹಾಕಿದರು. ಕರೆ ಸೇರಿತು. ಆದರೆ ಚಿತ್ರ ತಡೆದು, ಗೌರಮ್ಮನ ಕೈ ಎದೆಯ ಹತ್ತಿರ ಬಂದು ಅರ್ಧಕ್ಕೇ ನಿಂತಿತು.

"ಹೆದರಿಕೆ ಅಂತಾಳೋ, ಹೆದರಿಕೆ ಇಲ್ಲ ಅಂತಾಳೋ," ಶಾಂತಮ್ಮ ಪರದೆಯನ್ನೇ ಕೇಳಿದರು.

ಬಸವರಾಜಪ್ಪ ಮೆಟ್ಟಿಲ ಬುಡಕ್ಕೆ ಹೋದರು. "ಸಾಹೇಬ್ರೇ, ಒಂಚೂರು ಕ್ರಿಕೆಟ್ ಇಳಿಸ್ರಿ. ಗೌರಮ್ಮ ಹತ್ತಬೇಕು."

"ಮೊದ್ಲೇ ಹೇಳಾಕೆ ಏನಾಗಿತ್ರೀ? ಹೆಂಗೂ ಸೋಲ್ತಾ ಐತೆ," ಎನ್ನುತ್ತ ರಹಮತ್ ಸಾಹೇಬರೇ ಕೆಳಗಿಳಿದು ಬಂದರು.

ಟೀವಿ ಆರಿತ್ತು. ನಿಂತಿದ್ದ ಕೈ ತನ್ನ ಮಾತು ಮುಗಿಸಿತು: ಹೆದರಿಕೆ. ಶಾಂತಮ್ಮನ ಕೈಗಳು ಮಡಿಲಿನಿಂದ ಎದ್ದವು.

ಒಳಗೆ ಸರೀರಿ ಎಂದು ಜನ್ಮವೆಲ್ಲ ಕೂಗಿದವರಿಗೆ, ಯಾರಾದರೂ ಇಳಿಯುತ್ತೀರಾ ಎಂದು ಕೇಳುವುದು ಕೊನೆಗೆ ಹೊಳೆಯುತ್ತದೆ. ಇದನ್ನು ನಾನೊಬ್ಬನೇ ಕಂಡದ್ದಲ್ಲ. ಬಸವರಾಜಪ್ಪ ಇದ್ದಾರೆ, ಶಾಂತಮ್ಮ ಇದ್ದಾರೆ, ರಹಮತ್ ಸಾಹೇಬರಿದ್ದಾರೆ. ನಲ್ಲೂರಿನಲ್ಲಿ ಗೌರಮ್ಮನೂ ಇದ್ದಾರೆ. ಪರದೆಯ ಮೂಲೆಯಲ್ಲಿ ನಿಂತ ನನ್ನನ್ನೂ ಈಗ, ಪಟ್ಟಿ ಬಿಚ್ಚಿದ ಮೇಲೆ, ಗುರುತಿಸಿ, ಚಹಾ ಕುಡಿ ಎಂದು ಕೈ ಮಾಡುತ್ತಾರೆ.