ನಿನ್ನದು ಯಾವ ಸಂಘ?

ಅರವತ್ತರ ದಶಕದಲ್ಲಿ ನಾನು ವಡೋದರಾದಲ್ಲಿ ಸರ್ಕಾರಿ ಸ್ಟೆನೋ ಆಗಿದ್ದೆ. ಬಂದೂಕು ಲೈಸೆನ್ಸಿನ ನಿಯಮ ಬಿಗಿ ಮಾಡಬೇಕೇ ಎಂದು ನಮ್ಮ ಸಾಹೇಬರು ಅಭಿಪ್ರಾಯ ಕೇಳುತ್ತಿದ್ದರು. ಬಂದೂಕು ಮಾಲೀಕರ ಸಂಘದವರು ಬಂದು, ಚಹಾ ಕುಡಿದು, ಬಿಗಿ ಮಾಡಿದರೆ ಬಡ ರೈತನ ಬೆಳೆ ಹಂದಿಗಳ ಪಾಲಾಗುತ್ತದೆಂದು ಎರಡು ಗಂಟೆ ಮರುಗಿದರು. ಅಷ್ಟನ್ನೂ ಬರೆದುಕೊಂಡೆ.

ಆಮೇಲೆ ಬಡ ರೈತನೇ ಒಬ್ಬ ಕುಂಟುತ್ತಾ ಬಂದ. ಜಮೀನ್ದಾರರ ಶಿಕಾರಿಯಲ್ಲಿ ಹಾರಿದ ಗುಂಡು ಅವನ ಮೊಣಕಾಲಿಗೆ ಬಿದ್ದಿತ್ತು.

"ಕುಡಿದವರ ಕೈಗೆ ಬಂದೂಕು ಕೊಡಬೇಡಿ, ಸಾಹೇಬ್," ಎಂದ.

"ನಿನ್ನದು ಯಾವ ಸಂಘ?" ಎಂದರು ಸಾಹೇಬರು.

"ನಾನೊಬ್ಬನೇ, ಸಾಹೇಬ್."

"ಇಲ್ಲಿ ಸಂಘಗಳ ಅಭಿಪ್ರಾಯ ಮಾತ್ರ ಬರೆದುಕೊಳ್ಳೋದು."

ನಾನು ಪೆನ್ಸಿಲ್ ಕೆಳಗಿಟ್ಟೆ. ರೈತರ ಹಿತಕ್ಕಾಗಿ ನಿಯಮ ಸಡಿಲಿಸಬೇಕೆಂಬ ವರದಿಯನ್ನು ಮರುದಿನ ನಾನೇ ಟೈಪ್ ಮಾಡಿದೆ. ಒಂದೂ ತಪ್ಪಿಲ್ಲವೆಂದು ಸಾಹೇಬರು ಮೆಚ್ಚಿಕೊಂಡರು.